ಶಿಯಾನ್‌ನಲ್ಲಿ ಹಾನ್‌ಫು ಫೋಟೋಶೂಟ್: ಡ್ರೆಸ್ಸಿಗೆ ಫುಲ್ ಮಾರ್ಕ್ಸ್, ಎಡಿಟಿಂಗಿಗೆ ಸೊನ್ನೆ

ಮೊದ್ಲೇ ಹೇಳ್ಬಿಡ್ತೀನಿ. ಚೀನಾದ ಶಿಯಾನ್‌ಗೆ ಹೋದ್ರೆ ಹಾನ್‌ಫು ಅನ್ನೋ ಹಳೇ ಕಾಲದ ಚೈನೀಸ್ ಡ್ರೆಸ್ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋದು ಮಾಡ್ಬೇಕಾ ಬೇಡ್ವಾ ಅಂದ್ರೆ ಖಂಡಿತ ಮಾಡಿ, ಆದ್ರೆ ದುಡ್ಡನ್ನ ಬಟ್ಟೆಗೂ ಮೇಕಪ್ಪಿಗೂ ಹಾಕಿ, ಅಂಗಡಿಯವ್ರು ಮಾಡ್ಕೊಡೋ ಎಡಿಟಿಂಗಿಗೆ ಮಾತ್ರ ಒಂದು ರೂಪಾಯಿ ಜಾಸ್ತಿ ಕೊಡ್ಬೇಡಿ. ಯಾಕೆ ಅಂತ ಕೆಳಗಿದೆ, ಸ್ವಲ್ಪ ಉದ್ದ ಆಗಿದೆ, ಟೈಮ್ ಇಲ್ಲ ಅನ್ನೋರು ಸೀದಾ ದುಡ್ಡಿನ ಪ್ಯಾರಾಗೆ ಹೋಗಿ.

ಶಿಯಾನ್ ಅಂದ್ರೆ ಹಳೇ ಚಾಂಗ್‌ಆನ್, ಟಾಂಗ್ ರಾಜರ ಕಾಲದಲ್ಲಿ, ಅಂದ್ರೆ 618ರಿಂದ 907ರ ತನಕ, ರಾಜಧಾನಿ. ನಮ್ಮ ಕಡೆಯವ್ರು ಹೋಗೋದು ಹೆಚ್ಚಾಗಿ ಟೆರಾಕೋಟಾ ಸೈನಿಕರನ್ನ ನೋಡೋಕೆ, ಬೆಳಿಗ್ಗೆ ಅದು ಮುಗಿಸಿ ಸಂಜೆ ಹೊತ್ಗೆ ಎಲ್ಲರೂ ಬಂದು ಸೇರೋದು ದಾಯಾನ್‌ತಾ ಅನ್ನೋ ಹಳೇ ಬೌದ್ಧ ಗೋಪುರದ ದಕ್ಷಿಣಕ್ಕಿರೋ ಗ್ರೇಟ್ ಟಾಂಗ್ ಆಲ್ ಡೇ ಮಾಲ್ ಅನ್ನೋ ಕಡೆ. ಸುಮಾರು 2 ಕಿಲೋಮೀಟರ್ ಉದ್ದದ, ಗಾಡಿ ಬಿಡದ ಅಗಲವಾದ ರಸ್ತೆ ಅದು, ಎರಡೂ ಕಡೆ ಟಾಂಗ್ ಸ್ಟೈಲಲ್ಲಿ ಈಗಿನವ್ರು ಕಟ್ಟಿರೋ ಬಿಲ್ಡಿಂಗ್‌ಗಳು, ಮರಕ್ಕೆಲ್ಲಾ ಲೈಟು, ಅಲ್ಲಲ್ಲಿ ಡ್ಯಾನ್ಸು ಹಾಡು. ಹಳೇದು ಅಂತ ಅಂದ್ಕೊಂಡು ಹೋಗ್ಬೇಡಿ, ಪೂರ್ತಿ ಹೊಸದು. ಆದ್ರೆ ಕತ್ತಲಾದ್ಮೇಲೆ ಸಾವಿರಾರು ಜನ, ಹುಡುಗೀರು, ಹುಡುಗ್ರು, ತಳ್ಳೋ ಗಾಡಿಯಲ್ಲಿರೋ ಮಗು ಸಮೇತ ಹಾನ್‌ಫು ಹಾಕ್ಕೊಂಡು ಓಡಾಡ್ತಿರ್ತಾರೆ, ಜೀನ್ಸ್ ಹಾಕ್ಕೊಂಡಿರೋ ನಾವೇ ದಾರಿ ತಪ್ಪಿ ಬಂದೋರ ಥರ ಕಾಣ್ತೀವಿ. ಮೆಟ್ರೋ 3 ಇಲ್ಲಾ 4ನೇ ಲೈನಲ್ಲಿ ದಾಯಾನ್‌ತಾ ಅಂತಲೇ ಸ್ಟೇಷನ್ ಇದೆ, ಅಲ್ಲಿಂದ ಮೇಲೆ ಬಂದ್ರೆ ಅಂಗಡಿಯವ್ರೇ ಹಿಡ್ಕೊಂಡು ಕರೀತಾರೆ. ತುಂಬಾ ಅಂಗಡಿಗಳು ರೋಡ್ ಮೇಲೆ ಇರಲ್ಲ, ಪಕ್ಕದ ಬಿಲ್ಡಿಂಗಿನ ಏಳನೇ ಫ್ಲೋರು, ಹನ್ನೆರಡನೇ ಫ್ಲೋರು, ಲಿಫ್ಟಲ್ಲಿ ಹೋಗ್ಬೇಕು, ಮೊದ್ಲು ಭಯ ಆಗತ್ತೆ, ಬಾಗಿಲು ತೆಗೆದ್ರೆ ಒಳಗೆ ನೂರಾರು ಡ್ರೆಸ್ ನೇತಾಡ್ತಿರತ್ತೆ.

ನನ್ನ ಜೊತೆ ಬಂದಿದ್ದು ಚಿಕ್ಕಮ್ಮ. ಹಾಸನದಲ್ಲಿ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದೋರು. ಅವ್ರಿಗೆ ಫೋಟೋಶೂಟ್ ಬೇಕಿರ್ಲಿಲ್ಲ, ಬೇಕಿದ್ದಿದ್ದು ಆ ಗೋಪುರ. ಯಾಕಂದ್ರೆ ನಮ್ಮ ಪಾಠದಲ್ಲಿ ಬರ್ತಿದ್ನಲ್ಲ ಹ್ಯೂಯೆನ್‌ತ್ಸಾಂಗ್, ಅವ್ನು ಇಂಡಿಯಾದಿಂದ 645ರಲ್ಲಿ ವಾಪಸ್ ಬರುವಾಗ ತಂದ 657 ಬೌದ್ಧ ಗ್ರಂಥಗಳನ್ನ ಇಡೋಕೆ ಅಂತ 652ರಲ್ಲಿ ಕಟ್ಟಿದ್ದು ಇದನ್ನ. ಈಗ ಏಳು ಅಂತಸ್ತು, 64 ಮೀಟರ್ ಹತ್ರ ಎತ್ತರ. ಮುಂದೆ ಕೈಯಲ್ಲಿ ಕೋಲು ಹಿಡ್ಕೊಂಡಿರೋ ಅವನ ದೊಡ್ಡ ಪ್ರತಿಮೆ. ಚಿಕ್ಕಮ್ಮ ಅದರ ಮುಂದೆ ನಿಂತು, "ಇವ್ನು ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರ್ದಿದಾನೆ ಕಣೇ, ಹರ್ಷನ ಕೈಲೂ ಸೋಲ್ಸಕ್ಕಾಗ್ಲಿಲ್ಲ ಅಂತ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸ್ತಿದ್ರು ಅಂತ" ಅಂತ ಪಾಠ ಶುರು ಮಾಡಿದ್ರು. ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದ ಹೆಸರನ್ನ ಕಣ್ಣಾರೆ ನೋಡಿದ ಖುಷಿ, ಅರ್ಥ ಆಗತ್ತೆ. ಆ ಖುಷಿಯಲ್ಲೇ ಇರುವಾಗ "ಚಿಕ್ಕಮ್ಮ, ನೀವೂ ಹಾಕ್ಕೊಳ್ಳಿ, ಅವನ ಕಾಲದ ಬಟ್ಟೆನೇ ಇದು" ಅಂತ ಅಂದೆ, "ಈ ವಯಸ್ಸಲ್ಲಿ ವೇಷ ಹಾಕ್ಬೇಕೇನೇ" ಅಂದ್ರು, ಆದ್ರೆ ಲಿಫ್ಟ್ ಹತ್ತಿದ್ರು.

ಬಟ್ಟೆ ವಿಷ್ಯ. ನಮ್ಮಲ್ಲಿ ಚೈನೀಸ್ ಡ್ರೆಸ್ ಅಂದ ತಕ್ಷಣ ತಲೆಗೆ ಬರೋದು ಎತ್ತರದ ಕಾಲರ್ ಇರೋ, ಮೈಗೆ ಅಂಟ್ಕೊಂಡಿರೋ, ಸೈಡಲ್ಲಿ ಸೀಳಿರೋ ಕೆಂಪು ಗೌನ್. ಅದು ಚಿಪಾವ್, 1920ರ ದಶಕದಲ್ಲಿ ಶಾಂಘೈ ಕಡೆ ಈ ರೂಪಕ್ಕೆ ಬಂದಿದ್ದು. ಹಾನ್‌ಫು ಅದಲ್ಲ, ಅದಕ್ಕಿಂತ ತುಂಬಾ ಹಿಂದಿನದು, 1644ರಲ್ಲಿ ಈಶಾನ್ಯದ ಮಂಚೂ ಜನ ಬೀಜಿಂಗ್‌ಗೆ ಬಂದು ಚಿಂಗ್ ಆಳ್ವಿಕೆ ಶುರು ಮಾಡಿ, ಗಂಡಸರೆಲ್ಲ ಮುಂದಲೆ ಬೋಳಿಸಿ ಜಡೆ ಬಿಡ್ಬೇಕು, ನಮ್ಮ ಥರ ಬಟ್ಟೆ ಹಾಕ್ಬೇಕು ಅಂತ ಹುಕುಂ ಹೊರಡಿಸಿದ್ಮೇಲೆ ನಿಧಾನಕ್ಕೆ ಮಾಯ ಆಗಿದ್ದು. ವಾಪಸ್ ಬಂದಿದ್ದು ತೀರಾ ಈಚೆಗೆ. 2003ರಲ್ಲಿ ಝೆಂಗ್‌ಝೌ ಊರಲ್ಲಿ ಒಬ್ರು ಹಾನ್‌ಫು ಹಾಕ್ಕೊಂಡು ಬೀದೀಲಿ ಓಡಾಡಿದ್ದು ಪೇಪರಲ್ಲಿ ಬಂತು, ಅಲ್ಲಿಂದ ಕಾಲೇಜ್ ಹುಡುಗ್ರ ಗೀಳು ಅಂತ ಶುರುವಾಗಿ ಈಗ ಭಾರೀ ಬಿಸಿನೆಸ್ಸು, ಶಾಂಡಾಂಗ್ ಪ್ರಾಂತ್ಯದ ತ್ಸಾವ್ ಅನ್ನೋ ಕೌಂಟಿಯಲ್ಲಂತೂ ಹಾನ್‌ಫು ಹೊಲಿಯೋದೇ ದೊಡ್ಡ ಕಸುಬು. ಅಂಗಡಿಗಳಲ್ಲಿ ಬಾಡಿಗೆಗೆ ಸಿಗೋದು ಹೆಚ್ಚಿನದು ಪಾಲಿಯೆಸ್ಟರ್, ಪ್ರಿಂಟ್ ಹೊಡೆದಿದ್ದು, ಹಾನ್‌ಫುನ ಸೀರಿಯಸ್ಸಾಗಿ ತಗೊಂಡಿರೋರು ಇದನ್ನ ನೋಡಿ ಸ್ಟುಡಿಯೋ ಬಟ್ಟೆ ಅಂತ ಮೂಗು ಮುರೀತಾರೆ. ನಿಜವಾಗ್ಲೂ ಆ ಕಾಲದವ್ರು ಏನು ಹಾಕ್ತಿದ್ರು ಅಂತ ನೋಡ್ಬೇಕಂದ್ರೆ ಅಲ್ಲೇ ಹತ್ರ ಶಾನ್‌ಶಿ ಹಿಸ್ಟರಿ ಮ್ಯೂಸಿಯಂ ಇದೆ, ಟಾಂಗ್ ಸಮಾಧಿಗಳ ಗೋಡೆ ಚಿತ್ರಗಳು ಅಲ್ಲಿವೆ, ಆದ್ರೆ ಬುಕಿಂಗ್ ಬೇಗ ಖಾಲಿ ಆಗತ್ತೆ, ಮುಂಚೆನೇ ಮಾಡ್ಕೊಳ್ಳಿ.

ಅಂಗಡಿಯಲ್ಲಿ ಡ್ರೆಸ್‌ಗಳನ್ನ ರೇಟ್ ಪ್ರಕಾರ ಬೇರೆ ಬೇರೆ ಸಾಲಲ್ಲಿ ನೇತು ಹಾಕಿರ್ತಾರೆ. ಬಾಗಿಲಲ್ಲಿ ಹೇಳೋ ರೇಟು ಮೊದಲನೇ ಸಾಲಿಗೆ ಮಾತ್ರ. ನೀವು ಕೈ ಹಾಕೋದು ಯಾವಾಗ್ಲೂ ಮೂರನೇ ಸಾಲಿಗೆ, ಹಂಗೆ ಜೋಡ್ಸಿರ್ತಾರೆ ಅವ್ರು. ನಾನು ಆರಿಸ್ಕೊಂಡಿದ್ದು ಎದೆ ಮೇಲಿಂದ ಇಳಿಯೋ ಉದ್ದ ಲಂಗ, ಟಾಂಗ್ ಹೆಂಗಸರ ಚಿತ್ರಗಳಲ್ಲಿ ಇರತ್ತಲ್ಲ ಅದು, ತಿಳಿ ಹಸಿರು ಲಂಗ, ಮೇಲೆ ತೆಳು ಬಟ್ಟೆಯ ದೊಡ್ಡ ತೋಳಿನ ಅಂಗಿ, ತೋಳುಗಳ ಮೇಲೆ ಸೆರಗಿನ ಥರ ಇಳಿಬಿಡೋ ಉದ್ದನೆ ಪಟ್ಟಿ. ಲಂಗನ ಸೊಂಟಕ್ಕಲ್ಲ ಎದೆ ಮೇಲೆ ಕಟ್ಟೋದು, ಜಾರಬಾರ್ದು ಅಂತ ಆ ಹುಡುಗಿ ಲಾಡಿ ಎಳೆದು ಬಿಗಿದ ರಭಸಕ್ಕೆ ನಾನು ಒಂದು ನಿಮಿಷ ಉಸಿರೇ ಬಿಡ್ಲಿಲ್ಲ. ಊಟ ಮುಂಚೆ ಮಾಡ್ಕೊಂಡು ಹೋಗಿ, ಆದ್ರೆ ಹೊಟ್ಟೆ ಬಿರಿಯ ತಿನ್ಬೇಡಿ. ವೆಜ್ ತಿನ್ನೋರಿಗೆ ಅಲ್ಲಿ ಲ್ಯಾಂಗ್‌ಪಿ ಅಂತ ತಣ್ಣನೆ ನೂಡಲ್ಸ್ ಸಿಗತ್ತೆ, ವಿನೆಗರ್, ಮೆಣಸಿನಕಾಯಿ ಎಣ್ಣೆ, ಸೌತೆಕಾಯಿ ಹಾಕಿ ಕೊಡ್ತಾರೆ, ಚಿಕ್ಕಮ್ಮಂಗೆ ಇಡೀ ಚೀನಾದಲ್ಲಿ ಹಿಡಿಸಿದ ಊಟ ಅದೊಂದೇ.

ಚಿಕ್ಕಮ್ಮ ಏನ್ ಮಾಡಿದ್ರು ಗೊತ್ತಾ, ಹೆಂಗಸರ ಸಾಲೇ ನೋಡ್ಲಿಲ್ಲ. ಸೀದಾ ಹೋಗಿ ಗಂಡಸರ ದುಂಡು ಕತ್ತಿನ ನಿಲುವಂಗಿ ತಗೊಂಡ್ರು, ಇಟ್ಟಿಗೆ ಕೆಂಪು ಬಣ್ಣ, ಸೊಂಟಕ್ಕೆ ಲೆದರ್ ಬೆಲ್ಟು. ಅಂಗಡಿ ಹುಡುಗಿ ತಡೀತಾಳೇನೋ ಅಂತ ನೋಡ್ತಿದ್ದೆ, ಅವ್ಳು ಚಪ್ಪಾಳೆ ತಟ್ಟಿ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರ್ಸಿದ್ಲು, ಟಾಂಗ್ ಕಾಲದ ಹೆಂಗಸರು ಗಂಡಸರ ಬಟ್ಟೆ ಹಾಕ್ಕೊಂಡು ಓಡಾಡೋದು ಆಗಿನ ಫ್ಯಾಷನ್ನೇ ಅಂತೆ, ಆಮೇಲೆ ಮ್ಯೂಸಿಯಂ ಚಿತ್ರಗಳಲ್ಲೂ ನೋಡಿದ್ವಿ, ನಿಜ. ಮಂಡಿ ನೋವಿರೋರು, ಲಂಗ ಎತ್ಕೊಂಡು ನಡೆಯಕ್ಕಾಗದೋರು, ಮೆಟ್ಲು ಹತ್ತಬೇಕಾದೋರು ಇದನ್ನೇ ತಗೊಳ್ಳಿ. ಅಲ್ಲಿ ಎಷ್ಟೋ ಟಾಯ್ಲೆಟ್‌ಗಳು ನಮ್ಮ ಥರ ಕುಕ್ಕರುಗಾಲಲ್ಲಿ ಕೂರೋವೇ, ನಾನು ಆ ಲಂಗ ಕಟ್ಕೊಂಡು ಅನುಭವಿಸಿದ್ದನ್ನ ಇಲ್ಲಿ ಬರೆಯಲ್ಲ.

ಮೇಕಪ್ಪು ಅಂದ್ರೆ ಸುಮ್ನೆ ಅಲ್ಲ, ಒಂದೂವರೆ ಗಂಟೆ ಕೂರಿಸಿದ್ರು. ಹುಬ್ಬು, ಕಣ್ಣ ರೆಪ್ಪೆಗೆ ಒಂದೊಂದೇ ಎಳೆ ಅಂಟಿಸೋದು, ಕಣ್ಣಿನ ಪಕ್ಕ ಕೆಂಪು ಅರ್ಧಚಂದ್ರದ ಗೆರೆ, ತುಟಿಯ ಎರಡೂ ಕಡೆ ಚುಕ್ಕಿ, ಕೊನೇಗೆ ಹಣೆ ಮೇಲೆ ಸಣ್ಣ ಬ್ರಷ್ಷಲ್ಲಿ ಕೆಂಪು ಹೂವು. ಟಾಂಗ್ ಕಾಲದಲ್ಲಿ ಇದೆಲ್ಲಾ ಇತ್ತಂತೆ. ಚಿಕ್ಕಮ್ಮನ ಹಣೇಲಿ ಆಗ್ಲೇ ಕುಂಕುಮ ಇತ್ತು, ಅದನ್ನ ಒರೆಸೋಕೆ ಅವ್ರು ಬಿಡ್ಲಿಲ್ಲ, ಆ ಹುಡುಗಿ ಒಂದು ಕ್ಷಣ ಯೋಚ್ನೆ ಮಾಡಿ ಕುಂಕುಮದ ಸುತ್ತಲೇ ಐದು ಎಸಳು ಬರೆದ್ಲು. ಇಡೀ ಸರ್ವೀಸಲ್ಲಿ ನನಗೆ ತುಂಬಾ ಇಷ್ಟ ಆದ ಕೆಲಸ ಅದು. ಕೂದಲಿಗೆ ದೊಡ್ಡ ಕಷ್ಟ ಆಯ್ತು, ನಾನು ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದ್ದೆ, ಅವ್ರು ಇಡೋ ಚೌರಿ ಗಂಟುಗಳು, ಅದಕ್ಕೆ ಚುಚ್ಚೋ ಪಿನ್ನುಗಳು ಒಂದೂ ನಿಲ್ಲದೆ ಜಾರ್ತಾ ಇದ್ವು, ಪೌಡರ್ ಸುರಿದು, ಸ್ಪ್ರೇ ಹೊಡೆದು, ಎಷ್ಟು ಪಿನ್ ಚುಚ್ಚಿದ್ಲೋ ದೇವ್ರಿಗೇ ಗೊತ್ತು, ಮೇಲೆ ಹೂವು, ಚಿನ್ನದ ಬಣ್ಣದ ಸರಗಳು, ತಲೆ ತಿರುಗಿಸಿದ್ರೆ ಝಣಝಣ. ತಲೆ ಸ್ನಾನ ಮಾಡ್ಕೊಂಡು ಎಣ್ಣೆ ಇಲ್ದೆ ಹೋಗಿ.

ಇನ್ನು ಬಣ್ಣ. ಅವ್ರ ಟ್ರೇನಲ್ಲಿ ಇದ್ದ ಫೌಂಡೇಶನ್ ಬಾಟ್ಲುಗಳೆಲ್ಲ ಬಿಳೀದು, ಇನ್ನೂ ಬಿಳೀದು, ಅದಕ್ಕಿಂತ ಬಿಳೀದು. ನಾನು ಗೋಧಿ ಬಣ್ಣಕ್ಕಿಂತ ಒಂದು ಕೈ ಮೇಲೆ, ಚಿಕ್ಕಮ್ಮ ಒಳ್ಳೆ ಕಪ್ಪು. ಹುಡುಗಿ ಮೊದಲು ನನ್ನ ಕೆನ್ನೆಗೆ ಹಚ್ಚಿ ನೋಡಿದ್ಲು, ಕನ್ನಡೀಲಿ ನೋಡಿದ್ರೆ ಮುಖ ಒಂದು ದೇಶ, ಕುತ್ತಿಗೆ ಇನ್ನೊಂದು ದೇಶ. ಪಾಪ ಅವ್ಳಿಗೂ ಗೊತ್ತಾಯ್ತು, ಒರೆಸಿ, ಮೂಗಿನ ಶೇಡಿಂಗಿಗೆ ಅಂತ ಇದ್ದ ಕಂದು ಪೌಡರನ್ನ ಕಲಸಿ ಹೆಂಗೋ ಹತ್ತಿರ ತಂದ್ಲು. ನಿಮ್ಮ ಹತ್ರ ನಿಮ್ಮ ಶೇಡ್ ಫೌಂಡೇಶನ್ ಇದ್ರೆ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಖುಷಿ ಪಡ್ತಾರೆ. ಚಿಕ್ಕಮ್ಮ ಮಾತ್ರ "ನನಗೆ ಸುಣ್ಣ ಬಳಿಯೋದೇನೂ ಬೇಡ" ಅಂತ ಬರೀ ಕಣ್ಣು, ಹಣೆ, ತುಟಿ ಮಾಡಿಸ್ಕೊಂಡ್ರು. ನಮ್ಮಿಬ್ರಲ್ಲಿ ಚೆನ್ನಾಗಿ ಕಂಡಿದ್ದು ಅವ್ರೇ.

ಫೋಟೋಗ್ರಾಫರ್ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಜೊತೆಗೆ ಲೈಟ್ ಹಿಡ್ಕೊಳ್ಳೋಕೆ ಇನ್ನೊಬ್ಬ. ಇವ್ರ ಕೆಲಸ ನೋಡೋದೇ ಒಂದು ಮಜಾ. ಇಂಗ್ಲಿಷ್ ಬರಲ್ಲ, ಪೋಸ್ ಹೇಳೋಕಾಗಲ್ಲ, ಅದಕ್ಕೆ ತಾನೇ ಬೀಸಣಿಗೆ ಹಿಡ್ಕೊಂಡು, ನಾಚ್ಕೊಂಡು, ಕತ್ತು ಓರೆ ಮಾಡಿ ತೋರಿಸ್ತಾನೆ, ಆಮೇಲೆ ನಾವು ಹಂಗೇ ಮಾಡ್ಬೇಕು, ಅವ್ನು ಮಾಡಿದ್ದೇ ಚೆಂದ ಇರ್ತಿತ್ತು. ದುಂಡು ರೇಷ್ಮೆ ಬೀಸಣಿಗೆ, ಎಣ್ಣೆ ಕಾಗದದ ಕೊಡೆ, ಲಾಟೀನು, ಪೀಪಾ ಅನ್ನೋ ತಂತಿ ವಾದ್ಯ, ಒಂದಾದ್ಮೇಲೊಂದು ಕೈಗೆ ಕೊಡ್ತಾನೆ. ಸಾವಿರಾರು ಜನ ಓಡಾಡೋ ರಸ್ತೇಲಿ ಹಿಂದೆ ಯಾರೂ ಕಾಣದ ಹಾಗೆ ಕೆಳಗಿಂದ ಕ್ಯಾಮೆರಾ ಇಟ್ಟು ಲೈಟ್ ಬಿಟ್ಟು ತೆಗೀತಾನಲ್ಲ, ಆ ಕೈಚಳಕಕ್ಕೆ ದುಡ್ಡು ಕೊಡಬಹುದು. ಚಿಕ್ಕಮ್ಮಂಗೆ ನಾಚ್ಕೊಳ್ಳೋ ಪೋಸೆಲ್ಲಾ ಹೇಳಿ ಸುಸ್ತಾಗಿ, ಕೊನೇಗೆ ಅವ್ರು ತಾವೇ ಬೆಲ್ಟಿನ ಮೇಲೆ ಕೈ ಇಟ್ಕೊಂಡು ಗೋಪುರದ ಕಡೆ ನೋಡ್ಕೊಂಡು ನಿಂತ್ರು, ಅವ್ನು ಅದನ್ನೇ ಹೊಡೆದ. ಸುತ್ತ ಜನ ಸೇರಿ "ಯಿಂದು, ಯಿಂದು" ಅಂತಿದ್ರು, ಇಂಡಿಯಾದೋರು ಅಂತ, ನಾಲ್ಕೈದು ಅಜ್ಜೀರು ಬಂದು ಚಿಕ್ಕಮ್ಮನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರು. ನಮ್ಮ ಬಟ್ಟೆ ನೀವು ಹಾಕ್ಕೋಬಾರ್ದು ಅನ್ನೋ ಮುಖ ಒಂದೂ ಕಾಣ್ಲಿಲ್ಲ, ಆ ಹೆದರಿಕೆ ಇದ್ರೆ ಬಿಟ್ಬಿಡಿ. ಒಬ್ಬಾಕೆಯಂತೂ ಜಾರ್ತಿದ್ದ ನನ್ನ ಪಟ್ಟಿನ ತಾನೇ ಸರಿ ಮಾಡಿ ಹೋದ್ಲು.

ಇಲ್ಲೀವರ್ಗೂ ಹತ್ತಕ್ಕೆ ಹತ್ತು. ಆಮೇಲೆ ಮತ್ತೆ ಲಿಫ್ಟ್ ಹತ್ತಿಸಿ ಕಂಪ್ಯೂಟರ್ ಮುಂದೆ ಕೂರಿಸ್ತಾರೆ, ಅಲ್ಲಿಂದ ಇಳಿಮುಖ. ಅಂಗಡಿ ಹೆಸರು ಬರೆಯಲ್ಲ, ಹೆಚ್ಚೂ ಕಮ್ಮಿ ಎಲ್ಲಾ ಕಡೆ ಇದೇ ನಡೆಯತ್ತೆ. ಪ್ಯಾಕೇಜಲ್ಲಿ ಒಂಬತ್ತು ಫೋಟೋ ಎಡಿಟ್ ಮಾಡಿ ಕೊಡ್ತಾರೆ, ಜಾಸ್ತಿ ಬೇಕಂದ್ರೆ ಒಂದಕ್ಕೆ 30 ಯುವಾನ್. ಒಂದೊಂದೇ ತೋರಿಸ್ತಾ, ಇದೂ ಚೆನ್ನಾಗಿದೆ ಅದೂ ಚೆನ್ನಾಗಿದೆ, ಅಮ್ಮಂದು ಇದು ಬಿಟ್ರೆ ಹೆಂಗೆ ಅಂತ ಮುಕ್ಕಾಲು ಗಂಟೆ ಕೊರೆದ್ರು, ಎಂಟು ಗಂಟೆಯಿಂದ ನಿಂತು ಕಾಲು ನೋಯ್ತಿರೋ ಹೊತ್ತಲ್ಲಿ ಬೇಡ ಅನ್ನೋಕೂ ಶಕ್ತಿ ಇರಲ್ಲ, ಅದು ಅವ್ರಿಗೂ ಗೊತ್ತು. ನಾವು ಒಂಬತ್ತಕ್ಕೇ ನಿಂತ್ವಿ.

ಎಡಿಟ್ ಆಗಿ ಬಂದ ಫೋಟೋ ತೆಗೆದ್ರೆ ನಾನು ಹಾಲಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗೆ. ದವಡೆ ಸಣ್ಣ ಆಗಿದೆ, ಕಣ್ಣು ದೊಡ್ಡದಾಗಿದೆ, ಮೂಗು ಯಾರ್ದೋ. ಅದಕ್ಕಿಂತ ಚಿಕ್ಕಮ್ಮನ ಫೋಟೋ. ಸುಕ್ಕು ಒಂದೂ ಇಲ್ಲ, ನರೆತ ಕೂದಲು ಕಪ್ಪಾಗಿದೆ, ಮತ್ತೆ ಮೂಗುಬೊಟ್ಟು ಇಲ್ಲ! ಅವ್ರಮ್ಮ ಕೊಟ್ಟಿದ್ದ ಏಳು ಕಲ್ಲಿನ ಬೇಸರಿ, ನಲವತ್ತು ವರ್ಷದಿಂದ ತೆಗೆದಿಲ್ಲ ಅವ್ರು, ಎಡಿಟ್ ಮಾಡೋನು ಅದನ್ನ ಮೊಡವೆನೋ ಮಚ್ಚೆನೋ ಅಂದ್ಕೊಂಡು ನೀಟಾಗಿ ಒರೆಸಿದಾನೆ, ಜೂಮ್ ಮಾಡಿ ನೋಡಿದ್ರೆ ತೂತು ಸಮೇತ ಮುಚ್ಚೋಗಿದೆ. ಚಿಕ್ಕಮ್ಮ ಫೋನ್ ದೂರ ಹಿಡ್ದು, ಹತ್ರ ಹಿಡ್ದು, "ಇದ್ಯಾರೇ ಇವ್ಳು?" ಅಂದ್ರು. ಬದಲಾಯಿಸಿ ಕೊಡಿ ಅಂತ ಕೇಳಿದ್ವಿ. ಮೂರು ದಿನ ಬಿಟ್ಟು ಬಂತು, ಮೂಗುಬೊಟ್ಟು ವಾಪಸ್ ಬಂದಿತ್ತು, ಬಣ್ಣ ಬಂದಿರ್ಲಿಲ್ಲ. ಚೀನಾದವ್ರಿಗೆ ಮಾತ್ರ ಬೈಯೋಕೆ ಹೋಗಲ್ಲ ನಾನು, ನನ್ನ ಕಸಿನ್ ಮದ್ವೆ ಆಲ್ಬಂ ಮಾಡಿದ ನಮ್ಮೂರ ಸ್ಟುಡಿಯೋದವ್ನೂ ಹುಡುಗೀನ ಹೀಗೇ ಬಿಳಿ ಮಾಡಿದ್ದ, ಆಗ ಮನೇಲಿ ಯಾರೂ ತುಟಿ ಬಿಚ್ಚಿರ್ಲಿಲ್ಲ. ಆದ್ರೆ ದುಡ್ಡು ಕೊಟ್ಟ ಗಿರಾಕಿಯಾಗಿ ಹೇಳ್ತಿರೋದು, ಶುರುವಲ್ಲೇ ಟ್ರಾನ್ಸ್‌ಲೇಟರಲ್ಲಿ ಬರೆದು ತೋರ್ಸಿ: ಮೈ ಬಣ್ಣ ಬದಲಾಯಿಸ್ಬೇಡಿ, ಮುಖದ ಆಕಾರ ಮುಟ್ಬೇಡಿ, ಒಡವೆ ತೆಗೀಬೇಡಿ.

ಒಳ್ಳೇ ಸುದ್ದಿ ಏನಂದ್ರೆ ಎಡಿಟ್ ಮಾಡದ ಒರಿಜಿನಲ್ ಫೋಟೋಗಳು ಅದ್ಭುತವಾಗಿವೆ. ಆ ಹುಡುಗ ಲೈಟನ್ನ ಎಷ್ಟು ಚೆನ್ನಾಗಿ ಬಿಟ್ಟಿದಾನೆ ಅಂದ್ರೆ ಚಿಕ್ಕಮ್ಮನ ಕಪ್ಪು ಕೆನ್ನೆ ಮೇಲೆ ಲಾಟೀನಿನ ಬೆಳಕು ಬಿದ್ದಿರೋದು, ಬೇಸರಿಯ ಒಂದೊಂದು ಕಲ್ಲೂ ಕಾಣತ್ತೆ. ಅದರಲ್ಲೇ ಬ್ರೈಟ್‌ನೆಸ್ ಒಂಚೂರು ಏರಿಸಿ ಪ್ರಿಂಟ್ ಹಾಕಿಸಿದೀವಿ. ಹಾಗಾಗಿ ಪ್ಯಾಕೇಜ್ ಮಾತಾಡುವಾಗ ಎಲ್ಲಾ ಒರಿಜಿನಲ್ ಫೈಲ್ ಕೊಡ್ತೀರಾ ಅಂತ ಮೊದಲು ಕೇಳಿ, ಕೆಲವ್ರು ಫ್ರೀ ಕೊಡ್ತಾರೆ, ಕೆಲವ್ರು ಅದಕ್ಕೂ ದುಡ್ಡು ಅಂತಾರೆ.

ಮತ್ತೆ ಇದು ನಮಗೆ ಮಾತ್ರ ಇರೋ ತಲೆನೋವು: ಅವ್ರು ಫೋಟೋ ಕಳ್ಸೋದು ವೀಚಾಟಲ್ಲಿ, ಅದು ಅವ್ರ ವಾಟ್ಸಾಪ್ ಇದ್ದ ಹಾಗೆ. 2020ರ ಜೂನಲ್ಲಿ ನಮ್ಮ ಸರ್ಕಾರ 59 ಚೈನೀಸ್ ಆ್ಯಪ್ ಬ್ಯಾನ್ ಮಾಡ್ತಲ್ಲ, ಅದರಲ್ಲಿ ವೀಚಾಟೂ ಇದೆ. ಊರಿಗೆ ಬಂದ್ಮೇಲೆ ಕಳ್ಸಿ ಅಂದ್ರೆ ಮುಗೀತು ಕಥೆ. ನಮಗೆ ಹೋಟೆಲ್ ರಿಸೆಪ್ಷನ್ ಹುಡುಗಿ ತನ್ನ ವೀಚಾಟ್ ನಂಬರ್ ಕೊಟ್ಟು, ಬಂದಿದ್ದನ್ನೆಲ್ಲ ಇಮೇಲ್ ಮಾಡಿ ಪುಣ್ಯ ಕಟ್ಕೊಂಡ್ಲು. ನೀವು ಅಂಗಡಿಯಲ್ಲೇ ಕೂತು ಫೈಲ್‌ಗಳನ್ನ ಫೋನಿಗೋ ಪೆನ್‌ಡ್ರೈವಿಗೋ ಹಾಕಿಸ್ಕೊಂಡು ಎದ್ದೇಳಿ, ಅದಕ್ಕೆ ಮುಂಚೆ ಬಾಕಿ ದುಡ್ಡು ಕೊಡ್ಬೇಡಿ.

ದುಡ್ಡು. ನಾನು ತಗೊಂಡ ಪ್ಯಾಕೇಜ್ 399 ಯುವಾನ್, ಆಗ ಒಂದು ಯುವಾನ್ ಹನ್ನೆರಡು ರೂಪಾಯಿ ಹತ್ರ ಹತ್ರ ಇತ್ತು, ಅಂದ್ರೆ ಸುಮಾರು 4,800 ರೂಪಾಯಿ. ಡ್ರೆಸ್, ಮೇಕಪ್, ಕೂದಲು, ಒಂದು ಗಂಟೆ ಫೋಟೋಗ್ರಾಫರ್, ಒಂಬತ್ತು ಎಡಿಟ್, ಒರಿಜಿನಲ್ ಎಲ್ಲಾ ಸೇರಿ. ಮೂರನೇ ಸಾಲಿನ ಡ್ರೆಸ್ ಅಂತ 100, ಎಕ್ಸ್‌ಟ್ರಾ ಚೌರಿ ಅಂತ 50 ಮೇಲೆ ಬಿತ್ತು. ಚಿಕ್ಕಮ್ಮಂದು ಬರೀ ಡ್ರೆಸ್ಸು ಮೇಕಪ್ಪು 168, ಫೋಟೋಗೆ ನನ್ನ ಟೈಮಲ್ಲೇ ನುಗ್ಗಿದ್ರು. ಬಟ್ಟೆಗೆ ಡೆಪಾಸಿಟ್ ಕೇಳ್ತಾರೆ, ಲಂಗದ ಅಂಚು ಕೊಳೆ ಆದ್ರೆ ಹಿಡ್ಕೋತಾರೆ ಅನ್ನೋ ಭಯ ಇತ್ತು, ನಮಗೆ ಪೂರ್ತಿ ವಾಪಸ್ ಕೊಟ್ರು. ಅಲಿಪೇ ಅನ್ನೋ ಅವ್ರ ಪೇಮೆಂಟ್ ಆ್ಯಪ್‌ಗೆ ನಮ್ಮ ವೀಸಾ ಇಲ್ಲಾ ಮಾಸ್ಟರ್‌ಕಾರ್ಡ್ ಸೇರಿಸಿ ಕೊಡಬಹುದು, ಆದ್ರೆ ಫಾರಿನ್ ಕಾರ್ಡಿಗೆ 200 ಯುವಾನ್ ದಾಟಿದ ಪೇಮೆಂಟಿಗೆ 3 ಪರ್ಸೆಂಟ್ ಫೀಸು ಹಾಕ್ತಾರೆ, ಸಾಧ್ಯ ಇದ್ರೆ ಡೆಪಾಸಿಟ್, ಅಡ್ವಾನ್ಸ್, ಬಾಕಿ ಅಂತ ಬಿಡಿ ಬಿಡಿಯಾಗಿ ಕೊಡಿ. ಹಣ ಉಳಿಸ್ಬೇಕು ಅನ್ನೋರು ಡ್ರೆಸ್ಸು ಮೇಕಪ್ಪು ಮಾತ್ರ ತಗೊಂಡು ಫೋಟೋನ ಫೋನಲ್ಲೇ ತೆಗೀಬಹುದು, ಬೀದಿ ಲೈಟೇ ಅಷ್ಟು ಚೆನ್ನಾಗಿದೆ. ಆದ್ರೆ ತೆಗೆಯೋರಿಗೆ ತಾಳ್ಮೆ ಇರ್ಬೇಕು, ಗಂಡಂದಿರನ್ನ ನಂಬ್ಕೊಂಡು ಹೋಗ್ಬೇಡಿ.

ಯಾವಾಗ ಹೋಗೋದು ಅಂದ್ರೆ ಏಪ್ರಿಲ್ಲು, ಇಲ್ಲಾ ಅಕ್ಟೋಬರ್ ಕೊನೆ. ಬೇಸಿಗೇಲಿ ಶಿಯಾನ್ 40 ಡಿಗ್ರಿ ಹತ್ರ ಹೋಗತ್ತೆ, ಆ ಪಾಲಿಯೆಸ್ಟರ್ ಒಳಗೆ ಬೆಂದು ಹೋಗ್ತೀರ, ಮೇಕಪ್ ಕುತ್ತಿಗೆಗೆ ಇಳಿಯತ್ತೆ. ಚಳಿಗಾಲದಲ್ಲಿ ತುಪ್ಪಳದ ಅಂಚಿರೋ ದೊಡ್ಡ ಮೇಲಂಗಿ ಕೊಡ್ತಾರಂತೆ, ಹಿಮ ಬಿದ್ರೆ ಫೋಟೋ ಚೆಂದ ಬರ್ಬಹುದು, ಆದ್ರೆ ನಮ್ಮ ಹಾಸನದ ಮೈಗೆ ಅದು ಆಗಲ್ಲ. ಮೇ 1ರ ರಜಾ, ಅಕ್ಟೋಬರ್ 1ರಿಂದ ಒಂದು ವಾರ ಅವ್ರ ನ್ಯಾಷನಲ್ ಡೇ ರಜಾ, ಆ ಟೈಮಲ್ಲಿ ಆ ಕಡೆ ತಲೆ ಹಾಕ್ಬೇಡಿ, ಕೊಡೆ ಬಿಚ್ಚೋಕೂ ಜಾಗ ಇರಲ್ಲ. ಮೇಕಪ್ಪಿಗೆ ಮಧ್ಯಾಹ್ನ ಮೂರೂವರೆಗೆಲ್ಲಾ ಕೂತ್ಕೊಂಡ್ರೆ ಸಂಜೆ ಬೆಳಕಲ್ಲಿ ಗೋಪುರದ ಹತ್ರ ಸ್ವಲ್ಪ, ಲೈಟ್ ಹಾಕಿದ್ಮೇಲೆ ರಸ್ತೇಲಿ ಸ್ವಲ್ಪ, ಎರಡೂ ಸಿಗತ್ತೆ. ನಾವು ಲೇಟಾಗಿ ಹೋಗಿದ್ರಿಂದ ಬರೀ ರಾತ್ರಿ ಫೋಟೋಗಳು, ಚಿಕ್ಕಮ್ಮಂಗೆ ಹಗಲಲ್ಲಿ ಹ್ಯೂಯೆನ್‌ತ್ಸಾಂಗ್ ಜೊತೆ ಆ ನಿಲುವಂಗಿಯಲ್ಲಿ ಒಂದು ಬೇಕಿತ್ತು ಅಂತ ಈಗ್ಲೂ ಗೊಣಗ್ತಾರೆ.